ಅಟ್ಟದ ಪುಸ್ತಕಗಳು ಆಯಿಯ ಇ-ರೀಡರ್‌ಗೆ ಬರುವುದು ಹೇಗೆ?

ಪ್ರಶ್ನೆ: ನಮ್ಮ ಮನೆ ಶಿರಸಿ ಹತ್ತಿರದ ಹಳ್ಳಿಯಲ್ಲಿದೆ. ಅಪ್ಪಯ್ಯ ಕೂಡಿಟ್ಟ ಸುಮಾರು 160 ಪುಸ್ತಕಗಳು ಅಟ್ಟದ ಮೇಲಿವೆ. ಕಾದಂಬರಿ, ಯಕ್ಷಗಾನ ಪ್ರಸಂಗ, ದೀಪಾವಳಿ ವಿಶೇಷಾಂಕ ಎಲ್ಲ ಸೇರಿದೆ. ಕೆಲವಕ್ಕೆ ಒರಲೆ (ಗೆದ್ದಲು) ಹತ್ತಿದೆ, ಕೆಲವಕ್ಕೆ ಬೂಷ್ಟು ಬಂದಿದೆ. ಆಯಿಗೆ ಈಗ 76 ವರ್ಷ. ಕಣ್ಣಿನ ಪೊರೆ ತೆಗೆಸಿದ ಮೇಲೂ ಸಣ್ಣ ಅಕ್ಷರ ಓದಲು ಆಗುವುದಿಲ್ಲ. ಅದಕ್ಕೇ 6 ಇಂಚಿನ ಇ-ರೀಡರ್ ತಂದೆ. ಒಂದು ಕಾದಂಬರಿಯನ್ನು ಮೊಬೈಲಿನಲ್ಲಿ ಫೋಟೊ ತೆಗೆದು ಪಿಡಿಎಫ್ ಮಾಡಿ ಹಾಕಿದೆ. ಅಕ್ಷರ ಪುಸ್ತಕಕ್ಕಿಂತ ಚಿಕ್ಕದಾಗಿ ಕಾಣುತ್ತಿದೆ. ದೊಡ್ಡದು ಮಾಡಿದರೆ ಸಾಲು ಪರದೆಯಿಂದ ಆಚೆ ಹೋಗುತ್ತದೆ. ಪುಸ್ತಕದ ಬೆನ್ನು ಕತ್ತರಿಸಿ ಸ್ಕ್ಯಾನ್ ಮಾಡಿಸಿದರೆ ಸರಿಹೋಗುತ್ತದೆ ಅಂತ ಒಬ್ಬರು ಹೇಳಿದರು. ಮಾಡಿಸಬಹುದಾ ಸರ್?

ಉತ್ತರ: ಬೆನ್ನು ಕತ್ತರಿಸಬೇಡಿ. ಉಳಿದದ್ದನ್ನು ನಿಧಾನವಾಗಿ ಮಾತಾಡೋಣ. ಇದೊಂದನ್ನು ಮಾತ್ರ ಮೊದಲೇ ಹೇಳಿಬಿಡುತ್ತೇನೆ.

ಕೆಲವು ವರ್ಷಗಳ ಹಿಂದೆ ನಾನೂ ಅದೇ ಕೆಲಸ ಮಾಡಿದ್ದೆ. ನಮ್ಮ ಅಜ್ಜನ ಕಾಲದ ಒಂದು ಪುಸ್ತಕವನ್ನು ಬೈಂಡಿಂಗ್ ಅಂಗಡಿಯಲ್ಲಿ ಕೊಟ್ಟು ಬೆನ್ನು ಕತ್ತರಿಸಿಸಿದೆ. ಹಳೆಯ ಪುಸ್ತಕಗಳಲ್ಲಿ ಬೆನ್ನಿನ ಕಡೆಯ ಅಂಚು ತುಂಬಾ ಕಮ್ಮಿ ಇರುತ್ತದೆ. ಯಂತ್ರದ ಅಲಗು ಸ್ವಲ್ಪ ಒಳಗೆ ಬಿತ್ತು, ಅಷ್ಟೇ. ಬಲಗಡೆಯ ಪುಟಗಳಲ್ಲಿ ಪ್ರತಿ ಸಾಲಿನ ಮೊದಲ ಅಕ್ಷರ ಹೋಯಿತು. ಎಡಗಡೆಯ ಪುಟಗಳಲ್ಲಿ ಕೊನೆಯ ಅಕ್ಷರ ಹೋಯಿತು. ಆ ಪುಸ್ತಕದ ಇನ್ನೊಂದು ಪ್ರತಿ ನನಗೆ ಇವತ್ತಿಗೂ ಸಿಕ್ಕಿಲ್ಲ. ಮೊಬೈಲ್ ಕ್ಯಾಮೆರಾದಲ್ಲೇ ಒಳ್ಳೆಯ ಚಿತ್ರ ಬರುವ ಕಾಲ ಇದು. ಕತ್ತರಿಸುವ ಅಗತ್ಯವೇ ಇಲ್ಲ.

ಈಗ ನಿಮ್ಮ ಪಿಡಿಎಫ್ ವಿಷಯಕ್ಕೆ ಬರುತ್ತೇನೆ. ನಮ್ಮ ಹೆಚ್ಚಿನ ಕನ್ನಡ ಪುಸ್ತಕಗಳು ಡೆಮಿ 1/8 ಆಕಾರದಲ್ಲಿರುತ್ತವೆ. ಅಂದರೆ ಐದೂವರೆ ಇಂಚು ಅಗಲ, ಎಂಟೂವರೆ ಇಂಚು ಉದ್ದ. ನಿಮ್ಮ ಇ-ರೀಡರ್‌ಗೆ 6 ಇಂಚು ಅಂತ ಹೇಳುವುದು ಮೂಲೆಯಿಂದ ಮೂಲೆಗೆ ಅಳೆದದ್ದು. ಪರದೆಯ ಅಗಲ ಸುಮಾರು 3.6 ಇಂಚು, ಎತ್ತರ 4.8 ಇಂಚು ಮಾತ್ರ. ಪೂರ್ತಿ ಪುಟವನ್ನು ಅದರೊಳಗೆ ಕೂರಿಸಿದರೆ ಅಕ್ಷರ ಮುದ್ರಣದ ಅರ್ಧಕ್ಕಿಂತ ತುಸು ಜಾಸ್ತಿ ಗಾತ್ರಕ್ಕೆ ಇಳಿಯುತ್ತದೆ. ಆಯಿಯವರಿಗೆ ಕಷ್ಟವಾದದ್ದು ಅದಕ್ಕೇ.

ಆದರೆ ಪುಟದ ಸುತ್ತ ಇರುವ ಬಿಳಿ ಅಂಚು ಯಾರಿಗೂ ಬೇಡ, ಅಲ್ವಾ? ಅದನ್ನು ಚಿತ್ರದಲ್ಲೇ ಕತ್ತರಿಸಿದರೆ ಅಕ್ಷರಗಳ ಭಾಗ ಸುಮಾರು 4 ಇಂಚು ಅಗಲ ಉಳಿಯುತ್ತದೆ. ಇ-ರೀಡರನ್ನು ಅಡ್ಡ ಹಿಡಿದರೆ ಪರದೆಯ ಅಗಲ 4.8 ಇಂಚು ಆಗುತ್ತದೆ. ಈಗ ಅಕ್ಷರ ಮುದ್ರಣಕ್ಕಿಂತ ದೊಡ್ಡದು, ಸುಮಾರು 1.2 ಪಟ್ಟು. ಒಂದು ಪುಟವನ್ನು ಎರಡು ಮೂರು ಸಲ ಸರಿಸಿ ಓದಬೇಕಾಗುತ್ತದೆ, ಅಷ್ಟೇ. ಅಂಚು ಕತ್ತರಿಸಲು ಬ್ರಿಸ್ ಎಂಬ ಉಚಿತ ತಂತ್ರಾಂಶ ಇದೆ. ಕೆ2ಪಿಡಿಎಫ್‌ಆಪ್ಟ್ ಎಂಬ ಇನ್ನೊಂದು ಇದೆ. ಅದು ಅಂಚನ್ನೂ ಕತ್ತರಿಸುತ್ತದೆ, ಪುಟವನ್ನು ಸಣ್ಣ ಪರದೆಗೆ ಹೊಂದುವ ತುಂಡುಗಳನ್ನಾಗಿಯೂ ಮಾಡುತ್ತದೆ. ಇದನ್ನು ಇವತ್ತು ಸಂಜೆಯೇ ಮಾಡಿ ನೋಡಿ. ಈಗಾಗಲೇ ತೆಗೆದ ಫೋಟೊಗಳೇ ಸಾಕು.

ಇದು ಯಾಕೆ ಮೊದಲು ಹೇಳಿದೆ ಅಂದರೆ, 160 ಪುಸ್ತಕಗಳನ್ನೂ ಪಠ್ಯವಾಗಿ ಬದಲಾಯಿಸಬೇಕು ಅಂತ ಹೊರಟರೆ ನಾಲ್ಕನೇ ಪುಸ್ತಕಕ್ಕೇ ಸುಸ್ತಾಗುತ್ತದೆ. ಹಾಗೆ ಅರ್ಧಕ್ಕೆ ನಿಂತ ಮನೆಗಳನ್ನು ನಾನು ತುಂಬಾ ನೋಡಿದ್ದೇನೆ. ಹೆಚ್ಚಿನ ಪುಸ್ತಕಗಳಿಗೆ ಅಂಚು ಕತ್ತರಿಸಿದ ಚಿತ್ರವೇ ಸಾಕು. ಆಯಿಯವರು ಮತ್ತೆ ಮತ್ತೆ ಓದುವಂಥ ಹತ್ತೋ ಹದಿನೈದೋ ಪುಸ್ತಕ ಇರುತ್ತವಲ್ಲ, ಅವನ್ನು ಮಾತ್ರ ನಿಜವಾದ ಇ-ಪುಸ್ತಕ ಮಾಡಿ. ಅದರಲ್ಲಿ ಅಕ್ಷರವನ್ನು ಎಷ್ಟು ಬೇಕಾದರೂ ದೊಡ್ಡದು ಮಾಡಬಹುದು, ಸಾಲು ತಾನಾಗಿ ಹೊಂದಿಕೊಳ್ಳುತ್ತದೆ.

ಫೋಟೊ ತೆಗೆಯುವ ಮೊದಲು ಇನ್ನೊಂದು ಕೆಲಸ ಇದೆ. ಪಟ್ಟಿ ಮಾಡಿ, ಯಾವುದು ಈಗಾಗಲೇ ಸಿಗುತ್ತದೆ ಅಂತ ಹುಡುಕಿ. ಇಂಟರ್ನೆಟ್ ಆರ್ಕೈವ್ ಎಂಬ ಉಚಿತ ಜಾಲತಾಣದಲ್ಲಿ ಸಾವಿರಾರು ಹಳೆಯ ಕನ್ನಡ ಪುಸ್ತಕಗಳ ಸ್ಕ್ಯಾನ್ ಪ್ರತಿಗಳಿವೆ. ಕನ್ನಡ ವಿಕಿಸೋರ್ಸ್‌ನಲ್ಲಿ ಕೆಲವು ಪುಸ್ತಕಗಳನ್ನು ಜನ ಪೂರ್ತಿ ಟೈಪ್ ಮಾಡಿ, ತಿದ್ದಿ ಇಟ್ಟಿದ್ದಾರೆ. ಯಕ್ಷಗಾನ ಪ್ರಸಂಗಗಳನ್ನು ಅಭಿಮಾನಿಗಳು ಡಿಜಿಟಲ್ ಮಾಡುತ್ತ ಬಂದಿದ್ದಾರೆ. ಹೆಸರನ್ನು ಬೇರೆ ಬೇರೆ ಬಗೆಯಲ್ಲಿ ಬರೆದು ಹುಡುಕಿ. ಹಳೆಯ ಸ್ಕ್ಯಾನ್‌ಗಳಿಗೆ ಇಂಗ್ಲಿಷ್ ಅಕ್ಷರದಲ್ಲಿ ಹೆಸರು ಕೊಟ್ಟಿರುತ್ತಾರೆ, ಕಾಗುಣಿತ ಹೇಗೆ ಹೇಗೋ ಇರುತ್ತದೆ.

ಈಚಿನ ಮೂರು ದಶಕಗಳ ಪುಸ್ತಕ ಆದರೆ ಮತ್ತೊಂದು ದಾರಿ ಇದೆ. ಅವು ಕಂಪ್ಯೂಟರಿನಲ್ಲೇ ಡಿಟಿಪಿ ಆದವು. ಊರಿನ ಲೇಖಕರು ಸ್ವಂತ ಖರ್ಚಿನಲ್ಲಿ ಅಚ್ಚು ಹಾಕಿಸಿದ ಪುಸ್ತಕಗಳು ನಮ್ಮ ಜಿಲ್ಲೆಯ ಮನೆಮನೆಯಲ್ಲೂ ಇವೆ. ಲೇಖಕರನ್ನೋ ಅವರ ಮಕ್ಕಳನ್ನೋ ಕೇಳಿದರೆ ಮೂಲ ಕಡತ ಸಿಕ್ಕರೂ ಸಿಗಬಹುದು. ಅದು ನುಡಿ, ಬರಹ ಅಥವಾ ಶ್ರೀಲಿಪಿ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಇರುತ್ತದೆ. ತೆರೆದರೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಗೊಂದಲ ಕಾಣುತ್ತದೆ. ಹೆದರಬೇಡಿ. ಹಳೆಯ ಫಾಂಟಿನಿಂದ ಈಗ ಎಲ್ಲ ಕಂಪ್ಯೂಟರ್, ಮೊಬೈಲ್ ಓದುವ ಯುನಿಕೋಡ್‌ಗೆ ಬದಲಾಯಿಸುವ ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ಯಾವ ಫಾಂಟು ಅಂತ ಗೊತ್ತಾಗಿ ಅದಕ್ಕೆ ಸರಿಯಾದ ಪರಿವರ್ತಕ ಸಿಕ್ಕಿತು ಅಂದರೆ ಫೋಟೊ, ಓಸಿಆರ್ (ಫೋಟೊದ ಅಕ್ಷರವನ್ನು ಕಂಪ್ಯೂಟರ್ ಓದಿ ಪಠ್ಯ ಮಾಡುವುದು) ಯಾವುದೂ ಬೇಡ. ತಿಂಗಳ ಕೆಲಸ ಒಂದು ದಿನಕ್ಕೆ ಇಳಿಯುತ್ತದೆ.

ಉಳಿದವನ್ನು ನೀವೇ ಫೋಟೊ ತೆಗೆಯಬೇಕು. ಮಳೆಗಾಲದಲ್ಲಿ ಬೇಡ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಿಮ್ಮ ಕಡೆ ಕಾಗದವೇ ಒದ್ದೆ ಒದ್ದೆ ಇರುತ್ತದೆ. ಪುಟ ಅಲೆಯಂತೆ ಏಳುತ್ತದೆ, ಸಾಲು ಬಾಗುತ್ತದೆ. ಡಿಸೆಂಬರ್ ನಂತರ, ಅಡಿಕೆ ಕೊನೆಕೊಯ್ಲಿನ ಹೊತ್ತಿಗೆ ಹವೆ ಒಣಗಿರುತ್ತದೆ, ಬೆಳಕೂ ಚೆನ್ನಾಗಿರುತ್ತದೆ. ಪುಸ್ತಕಗಳನ್ನು ಅಟ್ಟದಿಂದ ಇಳಿಸಿ ನೆರಳಿನಲ್ಲಿ, ಗಾಳಿ ಆಡುವ ಕಡೆ ಒಂದೆರಡು ದಿನ ನಿಲ್ಲಿಸಿಡಿ. ಬಿಸಿಲಿಗೆ ಹಾಕಿದರೆ ಹಳೆಯ ಕಾಗದ ಒಡೆಯುತ್ತದೆ. ಬೂಷ್ಟನ್ನು ಮೆತ್ತನೆಯ ಬ್ರಷ್‌ನಿಂದ ಅಂಗಳದಲ್ಲಿ ನಿಂತು ಕೊಡವಿ. ಮೂಗಿಗೆ ಮಾಸ್ಕ್ ಹಾಕಿಕೊಳ್ಳಿ, ಆಯಿಯವರು ಹತ್ತಿರ ಇರುವುದು ಬೇಡ. ಒರಲೆ ಹತ್ತಿದ ಪುಸ್ತಕವನ್ನು ಬೇರೆಯಾಗಿಡಿ. ಅದರ ಫೋಟೊ ಎಲ್ಲಕ್ಕಿಂತ ಮೊದಲು ಆಗಲಿ, ಅದಕ್ಕೆ ಕಾಯುವಷ್ಟು ಆಯುಸ್ಸು ಇಲ್ಲ. ಪಿನ್ ಹೊಡೆದ ತೆಳು ಪುಸ್ತಕಗಳಿದ್ದರೆ ತುಕ್ಕು ಹಿಡಿದ ಪಿನ್ನನ್ನು ಮೆಲ್ಲಗೆ ತೆಗೆದು ದಾರ ಹಾಕಿ. ನಮ್ಮ ಕಾರವಾರದ ಉಪ್ಪು ಗಾಳಿಯಲ್ಲಿ ಪಿನ್ನಿನ ತುಕ್ಕೇ ಪುಟವನ್ನು ತಿಂದುಬಿಟ್ಟ ಪುಸ್ತಕಗಳು ಎಷ್ಟೋ ಇವೆ.

ಜಗುಲಿಯಲ್ಲಿ ನೇರ ಬಿಸಿಲು ಬೀಳದ ಜಾಗ ಆರಿಸಿ. ಫ್ಲ್ಯಾಶ್ ಹಾಕಬೇಡಿ. ಪುಸ್ತಕವನ್ನು ಪೂರ್ತಿ ಬಿಡಿಸಿ ಒತ್ತಿದರೆ ಬೆನ್ನು ಒಡೆಯುತ್ತದೆ. ಅದಕ್ಕೆ ಎರಡು ಹಲಗೆಗಳನ್ನು ತೊಟ್ಟಿಲಿನ ಹಾಗೆ ಓರೆಯಾಗಿ ಜೋಡಿಸಿ, ಪುಸ್ತಕ ಅರ್ಧ ಮಾತ್ರ ತೆರೆದು ಅದರ ಮೇಲೆ ಒರಗಲಿ. ಮೊದಲು ಬಲಗಡೆಯ ಪುಟಗಳನ್ನೆಲ್ಲ ತೆಗೆಯಿರಿ, ಆಮೇಲೆ ಎಡಗಡೆಯವನ್ನು. ಪುಟದ ಮೇಲೆ ತೆಳು ಗಾಜು ಇಟ್ಟರೆ ಕಾಗದ ಸಪಾಟಾಗುತ್ತದೆ. ಗಾಜಿನಲ್ಲಿ ಕಿಟಕಿ ಹೊಳೆಯದ ಹಾಗೆ ನೋಡಿಕೊಳ್ಳಿ. ಮೊಬೈಲನ್ನು ಕೈಯಲ್ಲಿ ಹಿಡಿಯಬೇಡಿ. ಸ್ಟ್ಯಾಂಡಿಗೆ ಕಟ್ಟಿ, ಇಯರ್‌ಫೋನಿನ ಬಟನ್‌ನಿಂದ ಕ್ಲಿಕ್ ಮಾಡಿ.

ಓಸಿಆರ್‌ಗೆ 300 ಡಿಪಿಐ ಬೇಕು, ಅಂದರೆ ಪುಟದ ಒಂದೊಂದು ಇಂಚಿಗೂ 300 ಚುಕ್ಕೆ. 12 ಮೆಗಾಪಿಕ್ಸೆಲ್ ಫೋಟೊದಲ್ಲಿ ಉದ್ದಕ್ಕೆ 4000 ಚುಕ್ಕೆ ಇರುತ್ತವೆ. ಒಂದೊಂದೇ ಪುಟ ತೆಗೆದರೆ ಎಂಟೂವರೆ ಇಂಚಿಗೆ 4000 ಚುಕ್ಕೆ, ಅಂದರೆ 470 ಡಿಪಿಐ. ಸುತ್ತ ಸ್ವಲ್ಪ ಜಾಗ ಬಿಟ್ಟರೂ ಧಾರಾಳವಾಯಿತು. ಒಂದು ತಪ್ಪು ಮಾತ್ರ ಮಾಡಬೇಡಿ. ಫೋಟೊಗಳನ್ನು ಕಂಪ್ಯೂಟರಿಗೆ ಕಳಿಸಲು ವಾಟ್ಸ್ಯಾಪ್ ಬಳಸಬೇಡಿ. ಅದು ಚಿತ್ರವನ್ನು ಕುಗ್ಗಿಸುತ್ತದೆ, ನಿಮ್ಮ ಶ್ರಮವೆಲ್ಲ ಅಲ್ಲೇ ಹೋಗುತ್ತದೆ. ಕೇಬಲ್ ಹಾಕಿ ವರ್ಗಾಯಿಸಿ. ಮೊಬೈಲಿನ ಸ್ಕ್ಯಾನರ್ ಆ್ಯಪ್‌ಗಳು ಪುಟವನ್ನು ಕಪ್ಪು ಬಿಳುಪು ಮಾಡಿ ಚೆಂದ ಕಾಣಿಸುತ್ತವೆ. ಅದನ್ನೂ ಆರಿಸಬೇಡಿ. ಅಡುಗೆಮನೆ ಹೊಗೆ ತಾಗಿ ಕಂದಾದ ಕಾಗದದಲ್ಲಿ ಆ ಫಿಲ್ಟರು ಅಕ್ಷರದ ತೆಳು ಗೆರೆಗಳನ್ನೇ ಅಳಿಸಿಬಿಡುತ್ತದೆ. ಬಣ್ಣದ ಫೋಟೊ ತೆಗೆದಿಡಿ. ನಿಮ್ಮ ಅಪ್ಪಯ್ಯನವರು ಅಂಚಿನಲ್ಲಿ ಪೆನ್ಸಿಲ್‌ನಿಂದ ಗುರುತು ಹಾಕಿದ್ದರೆ, ಮುಖಪುಟದ ಒಳಗೆ ತಾರೀಖು ಬರೆದಿದ್ದರೆ, ಅದೆಲ್ಲ ಉಳಿಯುವುದು ಈ ಫೋಟೊದಲ್ಲಿ ಮಾತ್ರ. ಪಠ್ಯ ಮಾಡಿದಾಗ ಅದು ಬರುವುದಿಲ್ಲ.

ಫೋಟೊ ಆದ ಮೇಲೆ ಸ್ಕ್ಯಾನ್ ಟೈಲರ್ ಎಂಬ ಉಚಿತ ತಂತ್ರಾಂಶದಲ್ಲಿ ಓರೆಯಾದ ಪುಟ ನೇರ ಮಾಡಿ, ಅಂಚು ಕತ್ತರಿಸಿ. ಹತ್ತು ಪುಟ ಕೈಯಾರೆ ಮಾಡಿದರೆ ಉಳಿದದ್ದು ತನ್ನಷ್ಟಕ್ಕೆ ಆಗುತ್ತದೆ.

ಇನ್ನು ಓಸಿಆರ್. ಅಂದರೆ ಚಿತ್ರದಲ್ಲಿರುವ ಅಕ್ಷರವನ್ನು ಕಂಪ್ಯೂಟರ್ ಓದಿ ಪಠ್ಯ ಮಾಡುವುದು. ಕನ್ನಡಕ್ಕೆ ಎರಡು ಸುಲಭದ ದಾರಿಗಳಿವೆ. ಒಂದು, ಚಿತ್ರವನ್ನು ಗೂಗಲ್ ಡ್ರೈವ್‌ಗೆ ಹಾಕಿ ಗೂಗಲ್ ಡಾಕ್ಸ್‌ನಲ್ಲಿ ತೆರೆಯುವುದು. ಪಠ್ಯ ಕೆಳಗೆ ಬಂದು ಕೂರುತ್ತದೆ. ಮುದ್ರಣ ಚೆನ್ನಾಗಿದ್ದರೆ ಫಲಿತಾಂಶ ತುಂಬಾ ಒಳ್ಳೆಯದು. ಪೂರ್ತಿ ಪುಸ್ತಕ ಒಟ್ಟಿಗೆ ಹಾಕಬೇಡಿ, ನಾನು ಹತ್ತು ಹತ್ತು ಪುಟ ಹಾಕುತ್ತೇನೆ. ಎರಡನೆಯದು ಟೆಸೆರಾಕ್ಟ್ ಎಂಬ ತಂತ್ರಾಂಶ. ಮೊದಲು ಎಚ್‌ಪಿ ಕಂಪನಿ ಮಾಡಿದ್ದು, 2005ರಿಂದ ಎಲ್ಲರಿಗೂ ಮುಕ್ತವಾಗಿದೆ. 2018ರಲ್ಲಿ ಬಂದ 4ನೇ ಆವೃತ್ತಿಯಿಂದ ಕನ್ನಡವನ್ನು ಮೊದಲಿಗಿಂತ ಚೆನ್ನಾಗಿ ಓದುತ್ತದೆ. ಇದಕ್ಕೆ ನೆಟ್ ಬೇಡ. ನಿಮ್ಮ ಹಳ್ಳಿಯಲ್ಲಿ ಸಿಗ್ನಲ್ ಗುಡ್ಡದ ಮೇಲೆ ಮಾತ್ರ ಸಿಗುವುದಾದರೆ ಇದೇ ಸರಿ. ಇದನ್ನು ಕಪ್ಪು ಕಿಟಕಿಯಲ್ಲಿ ಆಜ್ಞೆ ಟೈಪ್ ಮಾಡಿ ನಡೆಸುವುದು ಕಷ್ಟ ಅನಿಸಿದರೆ ಜಿ-ಇಮೇಜ್-ರೀಡರ್ ಹಾಕಿಕೊಳ್ಳಿ, ಅದು ಟೆಸೆರಾಕ್ಟನ್ನೇ ಬಟನ್ ಒತ್ತಿ ನಡೆಸುತ್ತದೆ. ಕನ್ನಡದ ದತ್ತಾಂಶವನ್ನು ಬೇರೆಯಾಗಿ ಇಳಿಸಿಕೊಳ್ಳಬೇಕು, ಅದು ಮರೆಯಬೇಡಿ.

ಬಟನ್ ಒತ್ತಿದ ಕೂಡಲೇ ಪುಸ್ತಕ ಆಯಿತು ಅಂತ ಅನಿಸುತ್ತದೆ. ನನ್ನ ಅನುಭವದಲ್ಲಿ ಕೆಲಸ ಶುರುವಾಗುವುದೇ ಅಲ್ಲಿಂದ. ಲೆಕ್ಕ ಹಾಕಿ ನೋಡಿ. ನೂರಕ್ಕೆ 98 ಅಕ್ಷರ ಸರಿ ಬಂತು ಅಂದುಕೊಳ್ಳೋಣ. ಒಂದು ಪುಟದಲ್ಲಿ 1500 ಅಕ್ಷರ ಇದ್ದರೆ 30 ತಪ್ಪು. 200 ಪುಟಕ್ಕೆ 6000 ತಪ್ಪು. ಅಷ್ಟು ತಪ್ಪಿರುವ ಕಾದಂಬರಿಯನ್ನು ಯಾರೂ ಹತ್ತು ಪುಟ ಮುಂದೆ ಓದುವುದಿಲ್ಲ. ಅದೂ ಕಣ್ಣು ಮಂಜಾದವರು, ಇಡೀ ಜೀವನ ಒಳ್ಳೆಯ ಕನ್ನಡ ಓದಿದವರು, ಓದುವುದಿಲ್ಲ.

ತಪ್ಪುಗಳು ಎಲ್ಲಿ ಬೀಳುತ್ತವೆ ಅಂತ ಗೊತ್ತಿದ್ದರೆ ಹಿಡಿಯುವುದು ಸುಲಭ. ಕನ್ನಡದ ಎಷ್ಟೋ ಅಕ್ಷರಗಳ ನಡುವಿನ ವ್ಯತ್ಯಾಸ ಒಂದು ಸಣ್ಣ ಗೆರೆ ಅಷ್ಟೇ. ದ ಮತ್ತು ಧ, ಡ ಮತ್ತು ಢ, ಪ ಮತ್ತು ಫ, ಬ ಮತ್ತು ಭ. ಹೊಟ್ಟೆ ಸೀಳಿದ ಷ ಅಂತ ಶಾಲೆಯಲ್ಲಿ ಹೇಳಿಕೊಟ್ಟಿದ್ದರಲ್ಲ, ಆ ಸೀಳು ಮಸುಕಾದರೆ ಕಂಪ್ಯೂಟರಿಗೆ ಅದು ಬರೀ ಪ. ಅನುಸ್ವಾರದ ಸೊನ್ನೆ ಇರುವ ಕಡೆ ಕನ್ನಡದ ಅಂಕಿ ೦ ಬಂದು ಕೂರುತ್ತದೆ. ನೋಡಲು ಎರಡೂ ಒಂದೇ ತರಹ, ಆದರೆ ಹುಡುಕಿದರೆ ಪದ ಸಿಗುವುದಿಲ್ಲ. ಮೊಬೈಲ್ ಓದಿ ಹೇಳಿದರೆ ಪದದ ನಡುವೆ ಸೊನ್ನೆ ಅಂತ ಅನ್ನುತ್ತದೆ. ಅರ್ಕಾವೊತ್ತು ಕೆಲವು ಕಡೆ ಅಂಕಿ ೯ ಆಗುತ್ತದೆ. ಪದ್ಯದ ಕೊನೆಯ ಉದ್ದ ಗೆರೆ 1 ಆಗುತ್ತದೆ. ಲೋಹದ ಅಕ್ಷರ ಜೋಡಿಸಿ ಮುದ್ರಿಸಿದ, ಒತ್ತಕ್ಷರ ಕೆಳಗಿನ ಸಾಲಿಗೆ ತಾಗುವ ಹಳೆಯ ಮೊಳೆ ಅಚ್ಚಿನಲ್ಲಿ ಒತ್ತು ಪೂರ್ತಿ ಬಿಟ್ಟುಹೋಗುವುದೂ ಇದೆ. ಇಂಥವನ್ನು ಹುಡುಕು ಮತ್ತು ಬದಲಿಸು ಬಳಸಿ ಒಂದೇ ಸಲ ತುಂಬಾ ಸರಿ ಮಾಡಬಹುದು. ಪದದ ನಡುವೆ ಅಂಕಿ ಬಂದ ಕಡೆಯೆಲ್ಲ ಮೊದಲು ನೋಡಿ.

ನಿಜವಾದ ತೊಂದರೆ ಬೇರೆ ಇದೆ. ಬೇಳೆ ಹೋಗಿ ಬೆಳೆ ಆಗುತ್ತದೆ. ಕೋಡು ಹೋಗಿ ಕೊಡು ಆಗುತ್ತದೆ. ಧನ ಹೋಗಿ ದನ ಆಗುತ್ತದೆ. ಎರಡೂ ಸರಿಯಾದ ಪದಗಳೇ. ಕಾಗುಣಿತ ಪರೀಕ್ಷಿಸುವ ತಂತ್ರಾಂಶ ಇದನ್ನು ಹಿಡಿಯುವುದೇ ಇಲ್ಲ. ಮನುಷ್ಯರೇ ಓದಬೇಕು.

ಹಳೆಯ ಮುದ್ರಣಾಲಯಗಳಲ್ಲಿ ಕರಡು ತಿದ್ದಲು ಇಬ್ಬರು ಕೂರುತ್ತಿದ್ದರು. ಒಬ್ಬರು ಮೂಲಪ್ರತಿಯನ್ನು ಗಟ್ಟಿಯಾಗಿ ಓದುವುದು, ಇನ್ನೊಬ್ಬರು ಅಚ್ಚಾದ ಹಾಳೆ ನೋಡುತ್ತ ಗುರುತು ಹಾಕುವುದು. ಇದಕ್ಕಿಂತ ಒಳ್ಳೆಯ ಉಪಾಯ ನನಗೆ ಇವತ್ತಿಗೂ ಸಿಕ್ಕಿಲ್ಲ. ನಿಮ್ಮ ಮನೆಯಲ್ಲಿ ಇದಕ್ಕೆ ಸರಿಯಾದ ಹೊತ್ತೂ ಇದೆ. ಅಡಿಕೆ ಸುಲಿಯುವ ರಾತ್ರಿಗಳಲ್ಲಿ ಮನೆಯವರು, ಅಕ್ಕಪಕ್ಕದವರು ಒಟ್ಟಿಗೆ ಕೂರುತ್ತೀರಿ. ಒಬ್ಬರು ಪುಸ್ತಕ ಹಿಡಿದು ಗಟ್ಟಿಯಾಗಿ ಓದಲಿ. ನೀವು ಲ್ಯಾಪ್‌ಟಾಪಿನಲ್ಲಿ ಪಠ್ಯ ನೋಡುತ್ತ ತಿದ್ದಿ. ಸುಲಿಯುವವರಿಗೆ ಕಥೆ ಸಿಗುತ್ತದೆ. ಆಯಿಯವರಿಗೆ ಇ-ಪುಸ್ತಕ ಮುಗಿಯುವವರೆಗೆ ಕಾಯುವ ಕೆಲಸ ಇಲ್ಲ, ಅವತ್ತೇ ಕೇಳಿಸಿಕೊಳ್ಳಬಹುದು. ಅವರು ಆ ಪುಸ್ತಕವನ್ನು ಮೊದಲು ಎಷ್ಟೋ ಸಲ ಓದಿದವರು. ಓದುವವರು ಒಂದು ಸಾಲು ಹಾರಿಸಿದರೆ ಅವರಿಗೇ ಮೊದಲು ಗೊತ್ತಾಗುತ್ತದೆ.

ಪುಟಕ್ಕೆ ಹತ್ತು ನಿಮಿಷ ಹಿಡಿಯಿರಿ. 200 ಪುಟಕ್ಕೆ ಸುಮಾರು 33 ಗಂಟೆ. ದಿನಕ್ಕೆ ಒಂದು ಗಂಟೆ ಕೂತರೆ ಒಂದು ತಿಂಗಳಿಗೆ ಒಂದು ಕಾದಂಬರಿ.

ಗಟ್ಟಿಯಾಗಿ ಓದುವುದರಿಂದ ಹ್ರಸ್ವ ದೀರ್ಘದ ತಪ್ಪು ಸಿಗುತ್ತದೆ, ಬಿಟ್ಟುಹೋದ ಸಾಲು ಸಿಗುತ್ತದೆ. ಸಾಲು ಬಿಟ್ಟುಹೋಗುವುದು ಪುಟದ ಕೊನೆಯಲ್ಲಿ, ಬೆನ್ನಿನ ಹತ್ತಿರ ಬಾಗಿದ ಕಡೆ ಜಾಸ್ತಿ. ಆದರೆ ಮಹಾಪ್ರಾಣದ ತಪ್ಪು ಕಿವಿಗೆ ಸಿಗುವುದಿಲ್ಲ. ನಮ್ಮ ಮಾತಿನಲ್ಲಿ ದ, ಧ ಹೆಚ್ಚುಕಮ್ಮಿ ಒಂದೇ. ಶ, ಷ ಕೂಡ ಹಾಗೇ. ಅದಕ್ಕೆ ಕೊನೆಗೆ ಒಂದು ಸಲ ಕಣ್ಣಿನಿಂದ, ಸುಮ್ನೆ ಈ ಅಕ್ಷರಗಳನ್ನು ಮಾತ್ರ ನೋಡುತ್ತ ಹೋಗಿ.

ತಿದ್ದುವಾಗ ಒಂದು ಎಚ್ಚರ ಬೇಕು. ಲೇಖಕರ ಭಾಷೆಯನ್ನು ತಿದ್ದಬೇಡಿ. ನಮ್ಮ ಜಿಲ್ಲೆಯ ಪುಸ್ತಕಗಳಲ್ಲಿ ಹವ್ಯಕ ಮಾತು ಬರುತ್ತದೆ, ನಾಡವರ, ಹಾಲಕ್ಕಿಗಳ ಮಾತು ಬರುತ್ತದೆ, ಕೊಂಕಣಿ ಪದ ಬರುತ್ತದೆ. ಪಾತ್ರ ‘ಅಡ್ಡಿಲ್ಲೆ’ ಅಂದರೆ ಅದು ‘ಅಡ್ಡಿಲ್ಲೆ’ ಆಗಿಯೇ ಇರಲಿ. ಕಂಪ್ಯೂಟರು ಅದನ್ನು ‘ಅಡ್ಡಿಲ್ಲ’ ಮಾಡಲು ನೋಡುತ್ತದೆ, ತಿದ್ದುವವರ ಕೈಯೂ ಅಲ್ಲಿಗೇ ಹೋಗುತ್ತದೆ. ಅಚ್ಚಿನಲ್ಲಿ ಹೇಗಿದೆಯೋ ಹಾಗೆ. ಹಳಗನ್ನಡದ ೞ, ಱ ಇದ್ದರೆ ಅವೂ ಯುನಿಕೋಡ್‌ನಲ್ಲಿ ಇವೆ, ಳ, ರ ಮಾಡಿ ಮುಗಿಸಬೇಡಿ.

ಪಠ್ಯ ಸರಿಯಾದ ಮೇಲೆ ಇಪಬ್, ಅಂದರೆ ಇ-ಪುಸ್ತಕದ ಕಡತ, ಮಾಡುವುದು ಸಣ್ಣ ಕೆಲಸ. ಲಿಬ್ರೆಆಫೀಸ್ ರೈಟರ್‌ನಲ್ಲಿ ಸಾಲಿನ ಕೊನೆಯಲ್ಲಿ ಮುರಿದ ಪದಗಳನ್ನು ಕೂಡಿಸಿ. ಪ್ರತಿ ಪುಟದ ತಲೆಯಲ್ಲಿರುವ ಪುಸ್ತಕದ ಹೆಸರು, ಪುಟಸಂಖ್ಯೆ ತೆಗೆಯಿರಿ. ಅಧ್ಯಾಯದ ಹೆಸರಿಗೆ ಶೀರ್ಷಿಕೆ ಶೈಲಿ ಕೊಡಿ, ಅದರಿಂದ ಪರಿವಿಡಿ ತಾನಾಗಿ ಆಗುತ್ತದೆ. ಆಮೇಲೆ ಕ್ಯಾಲಿಬರ್ ತಂತ್ರಾಂಶಕ್ಕೆ ಕೊಟ್ಟು ಇಪಬ್ ಮಾಡಿಸಿ. ಎರಡೂ ಅಂಚು ಸಮ ಮಾಡಬೇಡಿ, ಎಡಕ್ಕೆ ಹೊಂದಿಸಿ. ಕನ್ನಡದ ಪದಗಳು ಉದ್ದ. ಅಕ್ಷರ ದೊಡ್ಡದು ಮಾಡಿದಾಗ ಸಾಲಿಗೆ ಮೂರು ನಾಲ್ಕೇ ಪದ ಹಿಡಿಸುತ್ತವೆ, ಸಮ ಮಾಡಿದರೆ ನಡುವೆ ದೊಡ್ಡ ದೊಡ್ಡ ಖಾಲಿ ಜಾಗ ಬೀಳುತ್ತದೆ.

ನಿಮ್ಮ ಇ-ರೀಡರ್ ಯಾವುದು ಅಂತ ಬರೆದಿಲ್ಲ. ಯಾವುದೇ ಇರಲಿ, ಒಂದು ಪುಸ್ತಕಕ್ಕೆ ತಿಂಗಳು ಸುರಿಯುವ ಮೊದಲು ಒಂದು ಪುಟದ ಪರೀಕ್ಷೆ ಮಾಡಿ. ‘ಸ್ತ್ರೀ, ರಾಷ್ಟ್ರ, ಅರ್ಥ, ಕ್ಷಮೆ, ಜ್ಞಾನ, ಕರ್ತೃತ್ವ’ ಅಂತ ಬರೆದು ಇಪಬ್ ಮಾಡಿ ಹಾಕಿ ನೋಡಿ. ಕೆಲವು ಯಂತ್ರಗಳಲ್ಲಿ ಕನ್ನಡದ ಫಾಂಟು ಇರುವುದಿಲ್ಲ, ಬರೀ ಚೌಕ ಕಾಣುತ್ತದೆ. ಆಗ ಕ್ಯಾಲಿಬರ್‌ನಲ್ಲಿ ಫಾಂಟನ್ನು ಪುಸ್ತಕದೊಳಗೇ ಸೇರಿಸಿ. ನೋಟೋ ಸೆರಿಫ್ ಕನ್ನಡ ಮುಕ್ತ ಪರವಾನಗಿಯ ಫಾಂಟು, ಸೇರಿಸಲು ಯಾರ ಅಡ್ಡಿಯೂ ಇಲ್ಲ, ದೊಡ್ಡದು ಮಾಡಿದಾಗ ಚೆನ್ನಾಗಿಯೂ ಕಾಣುತ್ತದೆ. ಫಾಂಟು ಇದ್ದೂ ಒತ್ತಕ್ಷರಗಳು ಬಿಡಿಬಿಡಿಯಾಗಿ ಕಂಡರೆ ಆ ಯಂತ್ರದ ತಂತ್ರಾಂಶಕ್ಕೆ ಕನ್ನಡ ಕೂಡಿಸಲು ಬರುವುದಿಲ್ಲ ಅಂತ ಅರ್ಥ. ಅದರ ಮೇಲೆ ಪಠ್ಯ ಓದಿಸುವ ಹಟ ಬೇಡ. ಚಿತ್ರದ ಪಿಡಿಎಫ್ ಅದರಲ್ಲಿ ಇರಲಿ, ಇಪಬನ್ನು ದೊಡ್ಡ ಪರದೆಯ ಟ್ಯಾಬ್‌ನಲ್ಲಿ ಓದಲಿ.

ಕಿಂಡಲ್ ಆದರೆ ಇಪಬ್ ಕಡತವನ್ನು ಕೇಬಲ್ ಹಾಕಿ ನಕಲು ಮಾಡಿದರೆ ತೆರೆಯುವುದಿಲ್ಲ. ಅಮೆಜಾನ್‌ನ ಸೆಂಡ್ ಟು ಕಿಂಡಲ್ ಸೇವೆಯ ಮೂಲಕ ಕಳಿಸಬೇಕು. ಇಲ್ಲವೇ ಕ್ಯಾಲಿಬರ್‌ನಲ್ಲಿ ಎಜೆಡ್‌ಡಬ್ಲ್ಯು3 ಎಂಬ ಕಿಂಡಲ್ ಕಡತ ಮಾಡಿ ಹಾಕಬೇಕು. ಒಳಗೆ ಸೇರಿಸಿದ ಫಾಂಟು ಕಾಣಲು ಅಕ್ಷರದ ಸೆಟ್ಟಿಂಗಿನಲ್ಲಿ ಪಬ್ಲಿಷರ್ ಫಾಂಟ್ ಅಂತ ಆರಿಸಿ.

ಪ್ರಸಂಗ ಪುಸ್ತಕಗಳನ್ನು ಪಠ್ಯ ಮಾಡಲು ಅವಸರ ಬೇಡ ಅಂತ ನನ್ನ ಸಲಹೆ. ಪದ್ಯದ ಸಾಲು ದೊಡ್ಡ ಅಕ್ಷರದಲ್ಲಿ ಎಲ್ಲೆಲ್ಲೋ ಮುರಿಯುತ್ತದೆ. ರಾಗ, ತಾಳದ ಹೆಸರು ಒಂದು ಕಡೆ, ಪಲ್ಲವಿ ಇನ್ನೊಂದು ಕಡೆ ಆಗುತ್ತದೆ. ಪ್ರಾಸ ಎಲ್ಲಿ ಬಂತು ಅಂತ ಕಣ್ಣಿಗೆ ಕಾಣದ ಭಾಮಿನಿ ಷಟ್ಪದಿಯನ್ನು ಓದುವುದು ಕಷ್ಟ. ಮುಂದುವರಿದ ಸಾಲನ್ನು ಒಳಕ್ಕೆ ಸರಿಸುವ ಹಾಗೆ ಶೈಲಿ ಬರೆದರೆ ಸರಿಯಾಗುತ್ತದೆ. ಒಂದು ಕಾದಂಬರಿ ಮುಗಿಸಿ ಕೈ ಪಳಗಿದ ಮೇಲೆ ಅದನ್ನು ಕಲಿಯಬಹುದು. ಅಲ್ಲಿಯವರೆಗೆ ಅಂಚು ಕತ್ತರಿಸಿದ ಚಿತ್ರ ಸಾಕು.

ಆಯಿಯವರ ಕಣ್ಣು ದಣಿದ ದಿನ ಇನ್ನೊಂದು ಉಪಯೋಗ ಇದೆ. ಆಂಡ್ರಾಯ್ಡ್ ಮೊಬೈಲಿನಲ್ಲಿ ಗೂಗಲ್‌ನ ಕನ್ನಡ ಧ್ವನಿ ಹಾಕಿಕೊಂಡು, ಗಟ್ಟಿಯಾಗಿ ಓದುವ ಸೌಲಭ್ಯವಿರುವ ಓದುವ ಆ್ಯಪ್‌ನಲ್ಲಿ ಅದೇ ಇಪಬ್ ತೆರೆದರೆ ಅದು ಓದಿ ಹೇಳುತ್ತದೆ. ಭಾವ ಇರುವುದಿಲ್ಲ, ಆದರೆ ಸ್ಪಷ್ಟವಾಗಿ ಕೇಳುತ್ತದೆ.

ಹಕ್ಕಿನ ವಿಷಯವನ್ನೂ ಹೇಳಬೇಕು. ಭಾರತದ ಕಾಯ್ದೆಯ ಪ್ರಕಾರ ಲೇಖಕರು ತೀರಿಕೊಂಡ ಮುಂದಿನ ವರ್ಷದ ಜನವರಿ 1ರಿಂದ 60 ವರ್ಷ ಕೃತಿಸ್ವಾಮ್ಯ ಇರುತ್ತದೆ. ಮಂಜೇಶ್ವರ ಗೋವಿಂದ ಪೈ ಅವರು 1963ರಲ್ಲಿ ತೀರಿಕೊಂಡರು. ಅವರು ಬದುಕಿದ್ದಾಗ ಪ್ರಕಟವಾದ ಬರಹಗಳ ಅವಧಿ 2023ರ ಕೊನೆಗೆ ಮುಗಿಯಿತು. ನಮ್ಮ ಜಿಲ್ಲೆಯ ದಿನಕರ ದೇಸಾಯಿಯವರು 1982ರಲ್ಲಿ ತೀರಿಕೊಂಡರು. ಅವರ ಚುಟುಕಗಳ ಹಕ್ಕು 2042ರ ಕೊನೆಯವರೆಗೂ ಇರುತ್ತದೆ. ಲೇಖಕರು ತೀರಿಕೊಂಡ ಮೇಲೆ ಮೊದಲ ಸಲ ಪ್ರಕಟವಾದದ್ದಾದರೆ ಪ್ರಕಟವಾದ ವರ್ಷದಿಂದ ಎಣಿಸಬೇಕು. ಅನುವಾದಕ್ಕೆ, ಬೇರೆಯವರು ಬರೆದ ಮುನ್ನುಡಿಗೆ, ಚಿತ್ರಗಳಿಗೆ ಹಕ್ಕು ಬೇರೆ ಬೇರೆ. ನೀವು ಕೊಂಡ ಪುಸ್ತಕವನ್ನು ಮನೆಯಲ್ಲಿ ಆಯಿ ಓದಲು ಹೀಗೆ ಮಾಡಿಕೊಳ್ಳುವುದು ಸ್ವಂತ ಬಳಕೆ. ಸ್ವಂತ ಬಳಕೆಗೆ ಕಾಯ್ದೆಯಲ್ಲಿ ಜಾಗ ಇದೆ. ಅದೇ ಕಡತವನ್ನು ವಾಟ್ಸ್ಯಾಪ್ ಗುಂಪಿಗೆ ಹಾಕಬೇಡಿ. ಕನ್ನಡದ ಲೇಖಕರಿಗೆ, ಸಣ್ಣ ಪ್ರಕಾಶಕರಿಗೆ ಬರುವ ಹಣವೇ ಕಮ್ಮಿ. ಹಕ್ಕಿನ ಅವಧಿ ಮುಗಿದ ಪುಸ್ತಕ ನಿಮ್ಮಲ್ಲಿದ್ದು, ಎಲ್ಲೂ ಸಿಗದೇ ಇದ್ದರೆ, ಅದನ್ನು ಮಾತ್ರ ಖಂಡಿತ ಇಂಟರ್ನೆಟ್ ಆರ್ಕೈವ್‌ಗೋ ವಿಕಿಸೋರ್ಸ್‌ಗೋ ಕೊಡಿ. ನಿಮ್ಮ ಅಟ್ಟದ ಪ್ರತಿಯೇ ಕೊನೆಯದಾಗಿರಬಹುದು.

ಕಡತಗಳನ್ನು ಒಂದು ಕಡೆ ಮಾತ್ರ ಇಡಬೇಡಿ. ಮನೆಯ ಕಂಪ್ಯೂಟರಿನಲ್ಲಿ ಒಂದು, ಹೊರಗಿನ ಹಾರ್ಡ್ ಡಿಸ್ಕಿನಲ್ಲಿ ಒಂದು, ಹುಬ್ಬಳ್ಳಿಯಲ್ಲೋ ಬೆಂಗಳೂರಿನಲ್ಲೋ ಇರುವ ಅಣ್ಣ ತಮ್ಮಂದಿರ ಹತ್ತಿರ ಒಂದು. ಪಠ್ಯ ಮಾಡಿದ ಮೇಲೂ ಫೋಟೊ ಅಳಿಸಬೇಡಿ. ಮುಖಪುಟ, ಮುದ್ರಣದ ವಿವರ ಇರುವ ಪುಟ, ಬೆಲೆ ಬರೆದ ಪುಟ ಎಲ್ಲ ಅದರಲ್ಲಿ ಇರಲಿ.

ಯಾವ ಪುಸ್ತಕದಿಂದ ಶುರು ಮಾಡಬೇಕು ಅಂತ ಆಯಿಯವರನ್ನೇ ಕೇಳಿ. ಅವರು ಹೇಳಿದ ಪುಸ್ತಕದ ಮೊದಲ ಹತ್ತು ಪುಟ ಫೋಟೊ ತೆಗೆದು, ಓಸಿಆರ್ ಮಾಡಿ, ತಿದ್ದದೇ ನನಗೆ ಕಳಿಸಿ. ಆ ಪುಸ್ತಕದ ಮೊಳೆ ಯಾವ ಅಕ್ಷರದಲ್ಲಿ ಎಡವುತ್ತದೆ ಅಂತ ಗುರುತು ಹಾಕಿ ಕೊಡುತ್ತೇನೆ.